ಹನ್ನೆರಡು ದಿನಗಳ ಕಾನೂನು, ಮೂವತ್ತು ವರ್ಷಗಳ ಕಾವಲು

2025ರ ಡಿಸೆಂಬರ್ 14, ಭಾನುವಾರ. ಮುಂಬಯಿಯ ನಮ್ಮ ಮನೆಗಳಲ್ಲಿ ಮಧ್ಯಾಹ್ನದ ಊಟದ ಹೊತ್ತು. ಸಿಡ್ನಿಯಲ್ಲಿ ಆಗ ಬೇಸಿಗೆಯ ಸಂಜೆ. ಬಾಂಡೈ ಕಡಲ ತೀರದಲ್ಲಿ ಯಹೂದಿ ಕುಟುಂಬಗಳು ಹನುಕ್ಕಾ ಹಬ್ಬದ ಮೊದಲ ದೀಪವನ್ನು ಹಚ್ಚಲು ಮಕ್ಕಳು ಮರಿಗಳೊಂದಿಗೆ ಸೇರಿದ್ದವು. ತಂದೆ ಮತ್ತು ಮಗ, ಇಬ್ಬರು ಬಂದೂಕುಧಾರಿಗಳು ಆ ಗುಂಪಿನ ಮೇಲೆ ಗುಂಡಿನ ಮಳೆಗರೆದರು. ಹದಿನೈದು ಜನ ಅಸುನೀಗಿದರು. ಅವರಲ್ಲಿ ಹತ್ತು ವರ್ಷದ ಬಾಲಕಿಯೂ ಇದ್ದಳು, ಹಿಟ್ಲರನ ಕಾಲದ ನರಮೇಧದಿಂದ ಪಾರಾಗಿ ಬಂದಿದ್ದ ವೃದ್ಧರೂ ಇದ್ದರು. ಸಿರಿಯಾ ಮೂಲದ ಹಣ್ಣಿನ ಅಂಗಡಿಯವರೊಬ್ಬರು ಬರಿಗೈಯಲ್ಲಿ ಹಿಂದಿನಿಂದ ಬಂದು ಒಬ್ಬನ ಬಂದೂಕನ್ನು ಕಿತ್ತುಕೊಳ್ಳದೇ ಹೋಗಿದ್ದರೆ ಸಾವಿನ ಸಂಖ್ಯೆ ಇನ್ನೂ ಏರುತ್ತಿತ್ತು.

ಇಂತಹ ಸುದ್ದಿ ಅಮೆರಿಕದಿಂದ ಬಂದಾಗ ನಾವು ದುಃಖಿಸುತ್ತೇವೆ, ಆದರೆ ಬೆರಗಾಗುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಆಸ್ಟ್ರೇಲಿಯದಿಂದ ಬಂದಾಗ ಮಾತ್ರ ಆಘಾತವಾಯಿತು. ನಮ್ಮ ಬಳಗಗಳಲ್ಲಿ ಮಗನನ್ನೋ ಮಗಳನ್ನೋ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಗೊಳಿಸಿರುವ ಹಿರಿಯರು ಕಡಿಮೆಯಿಲ್ಲ. ಅಮೆರಿಕವೋ ಆಸ್ಟ್ರೇಲಿಯವೋ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ, "ಅಲ್ಲಿ ಬಂದೂಕಿನ ಭಯವಿಲ್ಲ" ಎಂಬ ಮಾತು ಆಸ್ಟ್ರೇಲಿಯದ ಪರವಾಗಿ ಬರುತ್ತಿತ್ತು. ಒಂದು ಹತ್ಯಾಕಾಂಡವಾದ ಮೇಲೆ ಇಡೀ ದೇಶವೇ ಎಚ್ಚೆತ್ತು ಕಾನೂನು ಬದಲಿಸಿದ ಉದಾಹರಣೆಗೆ ಜಗತ್ತು ಬೆರಳು ತೋರಿಸುತ್ತಿದ್ದುದು ಆ ದೇಶದ ಕಡೆಗೇ.

ಹಾಗಾದರೆ ಆ ಕಾನೂನು ಸೋತಿತೆ? ಅದು ಹೇಗೆ ಹುಟ್ಟಿತು, ಏನನ್ನು ಸಾಧಿಸಿತು, ಎಲ್ಲಿ ಸಡಿಲವಾಯಿತು ಎಂಬುದನ್ನು ಕ್ರಮವಾಗಿ ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ಟಾಸ್ಮೇನಿಯಾದ ಆ ಭಾನುವಾರ

1996ರ ಏಪ್ರಿಲ್ 28. ಅದೂ ಭಾನುವಾರವೇ. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ದ್ವೀಪರಾಜ್ಯ ಟಾಸ್ಮೇನಿಯಾದಲ್ಲಿ ಪೋರ್ಟ್ ಆರ್ಥರ್ ಎಂಬ ಸ್ಥಳವಿದೆ. ಬ್ರಿಟಿಷರು ಕೈದಿಗಳನ್ನು ತಂದಿಡುತ್ತಿದ್ದ ಹಳೆಯ ಬಂದೀಖಾನೆಯ ಅವಶೇಷಗಳನ್ನು ನೋಡಲು ಪ್ರವಾಸಿಗರು ಅಲ್ಲಿಗೆ ಬರುತ್ತಾರೆ. ಅಂದು ಮಧ್ಯಾಹ್ನ ಅಲ್ಲಿನ ಉಪಾಹಾರ ಗೃಹದಲ್ಲಿ ಊಟ ಮುಗಿಸಿದ 28 ವರ್ಷದ ಯುವಕನೊಬ್ಬ ಚೀಲದಿಂದ ಅರೆ-ಸ್ವಯಂಚಾಲಿತ ರೈಫಲನ್ನು ಹೊರತೆಗೆದ. ಎಲ್ಲ ಮುಗಿಯುವಷ್ಟರಲ್ಲಿ 35 ಮಂದಿ ಸತ್ತಿದ್ದರು. ಅವನ ಬಳಿ ಬಂದೂಕಿನ ಪರವಾನಗಿಯೇ ಇರಲಿಲ್ಲ. ಆದರೂ ಯುದ್ಧಭೂಮಿಗೆ ಹೊಂದುವ ಆಯುಧಗಳು ಅವನ ಕೈ ಸೇರಿದ್ದವು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಲಯ ಅವನಿಗೆ 35 ಜೀವಾವಧಿ ಶಿಕ್ಷೆಗಳನ್ನು ವಿಧಿಸಿತು.

ಆ ದೇಶಕ್ಕೆ ಅದು ಮೊದಲ ಎಚ್ಚರಿಕೆಯೇನೂ ಆಗಿರಲಿಲ್ಲ. 1987ರಲ್ಲಿ ಮೆಲ್ಬರ್ನ್ ನಗರವೊಂದರಲ್ಲೇ ನಾಲ್ಕು ತಿಂಗಳ ಅಂತರದಲ್ಲಿ ಎರಡು ಹತ್ಯಾಕಾಂಡಗಳು ನಡೆದಿದ್ದವು, ಆಗಸ್ಟಿನಲ್ಲಿ ಹಾಡಲ್ ಬೀದಿಯಲ್ಲಿ, ಡಿಸೆಂಬರಿನಲ್ಲಿ ಕ್ವೀನ್ ಬೀದಿಯಲ್ಲಿ. ವರ್ಷಾಂತ್ಯದಲ್ಲಿ ಎಲ್ಲ ರಾಜ್ಯಗಳ ಮುಖ್ಯಸ್ಥರು ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನಲ್ಲಿ ಸೇರಿ ಚರ್ಚಿಸಿದರು. ಟಾಸ್ಮೇನಿಯಾ, ಕ್ವೀನ್ಸ್‌ಲ್ಯಾಂಡ್‌ಗಳಂತಹ ರಾಜ್ಯಗಳು ಒಪ್ಪಲಿಲ್ಲ. ಸಭೆ ಬರಿದಾಗಿ ಮುಗಿಯಿತು. ಬೇಸತ್ತು ಹೊರಬಂದ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಬ್ಯಾರಿ ಅನ್ಸ್‌ವರ್ತ್, ಟಾಸ್ಮೇನಿಯಾದಲ್ಲೇ ಒಂದು ಹತ್ಯಾಕಾಂಡ ಆಗುವವರೆಗೆ ಈ ದೇಶದಲ್ಲಿ ಬಂದೂಕಿನ ಕಾನೂನು ಸುಧಾರಿಸದು ಎಂದು ನುಡಿದರು. ತಮ್ಮ ರಾಜ್ಯದಲ್ಲಾದರೂ ಬಿಗಿ ಮಾಡಲು ಹೊರಟ ಅವರು 1988ರ ಮಾರ್ಚ್ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಆ ಸೋಲಿಗೆ ಬಂದೂಕು ಪ್ರಿಯರ ಸಿಟ್ಟೂ ಒಂದು ಕಾರಣವಾಗಿತ್ತು. ಅವರ ಮಾತು ಎಂಟು ವರ್ಷಗಳ ಬಳಿಕ ಅಕ್ಷರಶಃ ನಿಜವಾಯಿತು.

ಹತ್ಯಾಕಾಂಡವಾದ ಮಾತ್ರಕ್ಕೆ ಕಾನೂನು ಬರುವುದಿಲ್ಲವೆಂಬುದಕ್ಕೆ 1987 ಸಾಕ್ಷಿ. ಅಂದೂ ಜನ ಅತ್ತಿದ್ದರು, ಹೂಗುಚ್ಛ ಇಟ್ಟಿದ್ದರು. 1996ರಲ್ಲಿ ಮಾತ್ರ ಬೇರೇನೋ ನಡೆಯಿತು.

ಹನ್ನೆರಡೇ ದಿನಗಳಲ್ಲಿ

ಆಗ ಪ್ರಧಾನಿಯಾಗಿದ್ದವರು ಜಾನ್ ಹಾವರ್ಡ್. ಅವರು ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಸಂಪ್ರದಾಯವಾದಿ ಪಕ್ಷದವರು. ಅವರ ಸರಕಾರದ ಪಾಲುದಾರರಾಗಿದ್ದ ನ್ಯಾಷನಲ್ ಪಕ್ಷಕ್ಕೆ ಬೆನ್ನೆಲುಬಾಗಿದ್ದವರು ಹಳ್ಳಿಗಾಡಿನ ರೈತರು, ದನ-ಕುರಿ ಸಾಕುವವರು, ಅಂದರೆ ಮನೆಯಲ್ಲಿ ಬಂದೂಕು ಇಟ್ಟುಕೊಂಡವರು. ರಾಜಕೀಯ ಲೆಕ್ಕಾಚಾರದ ಪ್ರಕಾರ ಬಂದೂಕಿನ ಗೊಡವೆಗೆ ಹೋಗಬಾರದ ಪ್ರಧಾನಿಯಿದ್ದರೆ ಅದು ಅವರೇ.

ಇನ್ನೊಂದು ಅಡ್ಡಿಯೂ ಇತ್ತು. ಆ ದೇಶದ ಸಂವಿಧಾನದಲ್ಲಿ ಬಂದೂಕು ರಾಜ್ಯಗಳ ವಿಷಯ. ಆರು ರಾಜ್ಯಗಳು, ಎರಡು ಪ್ರಾಂತ್ಯಗಳು, ಒಂದೊಂದಕ್ಕೂ ಒಂದೊಂದು ಕಾನೂನು. ಒಂದು ರಾಜ್ಯದಲ್ಲಿ ನಿಷೇಧವಾದದ್ದನ್ನು ಪಕ್ಕದ ರಾಜ್ಯದಲ್ಲಿ ಕೊಂಡು ತರಬಹುದಿತ್ತು. ಹಾವರ್ಡ್ ಎಲ್ಲ ರಾಜ್ಯಗಳ ಪೊಲೀಸ್ ಸಚಿವರನ್ನು ಕರೆಸಿದರು. ಒಪ್ಪದಿದ್ದರೆ ಸಂವಿಧಾನ ತಿದ್ದಲು ಜನಮತಗಣನೆಗೆ ಹೋಗುವುದಾಗಿ ಸೂಚಿಸಿದರು. ವಿರೋಧ ಪಕ್ಷವಾದ ಲೇಬರ್ ಅವರ ಬೆನ್ನಿಗೆ ನಿಂತಿತು. ಮೇ 10ರಂದು, ದುರಂತ ನಡೆದ ಹನ್ನೆರಡನೆಯ ದಿನ, ರಾಷ್ಟ್ರೀಯ ಬಂದೂಕು ಒಪ್ಪಂದ ಸಿದ್ಧವಾಯಿತು.

ಆ ಒಪ್ಪಂದದಲ್ಲಿ ಏನಿತ್ತೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕುದುರೆ ಎಳೆದಂತೆಲ್ಲ ಒಂದಾದ ಮೇಲೊಂದು ಗುಂಡು ಹಾರಿಸಬಲ್ಲ ಅರೆ-ಸ್ವಯಂಚಾಲಿತ ರೈಫಲುಗಳು ಮತ್ತು ಅದೇ ಜಾತಿಯ ತೋಟಾ ಬಂದೂಕುಗಳು ಸಾಮಾನ್ಯ ನಾಗರಿಕರಿಗೆ ನಿಷೇಧವಾದವು. ಉಳಿದ ಬಂದೂಕಿಗೆ ಪರವಾನಗಿ ಬೇಕಾದರೆ ನ್ಯಾಯವಾದ ಕಾರಣ ತೋರಿಸಬೇಕು. ಬೇಸಾಯ, ಕ್ರೀಡಾ ಸಂಘದ ಸದಸ್ಯತ್ವ, ಜಮೀನಿನ ಒಡೆಯನ ಅನುಮತಿಯಿರುವ ಬೇಟೆ, ಇವು ಕಾರಣಗಳು. ಆತ್ಮರಕ್ಷಣೆ ಕಾರಣವಲ್ಲ. ಈ ಕೊನೆಯ ಮಾತು ಆ ಕಾನೂನಿನ ಹೃದಯ. ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಸಮಾಜ ಕೊಡುವ ಷರತ್ತಿನ ಅನುಮತಿ ಎಂಬ ತತ್ವವನ್ನು ಅದು ಸ್ಥಾಪಿಸಿತು.

ಅಷ್ಟೇ ಅಲ್ಲ. ಪ್ರತಿಯೊಂದು ಬಂದೂಕನ್ನೂ ನೋಂದಾಯಿಸಬೇಕು. ಒಂದೊಂದು ಖರೀದಿಗೂ ಪ್ರತ್ಯೇಕ ಅನುಮತಿ ಪಡೆಯಬೇಕು. ಅದಕ್ಕೆ 28 ದಿನ ಕಾಯಬೇಕು. ಸಿಟ್ಟಿನ ಕೈಗೆ ಬಂದೂಕು ಆ ದಿನವೇ ಸಿಗಬಾರದೆಂಬುದು ಈ ಕಾಯಿಸುವಿಕೆಯ ಉದ್ದೇಶ. ಬಂದೂಕನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು. ಸುರಕ್ಷತೆಯ ತರಬೇತಿ ಪಡೆದಿರಬೇಕು, 18 ವರ್ಷ ತುಂಬಿರಬೇಕು. ಖಾಸಗಿಯಾಗಿ ಕೈಯಿಂದ ಕೈಗೆ ಮಾರುವಂತಿಲ್ಲ.

ನಿಷೇಧವಾದ ಬಂದೂಕುಗಳನ್ನು ಸರಕಾರ ಸುಮ್ಮನೆ ಕಿತ್ತುಕೊಳ್ಳಲಿಲ್ಲ. ನಾಗರಿಕನ ಆಸ್ತಿಯನ್ನು ಪಡೆಯುವಾಗ ನ್ಯಾಯಯುತ ಬೆಲೆ ಕೊಡಬೇಕೆಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. ಹಾಗಾಗಿ ಬೆಲೆಪಟ್ಟಿ ಮಾಡಿ ಕೊಂಡುಕೊಂಡಿತು. ಹಣ ಹೊಂದಿಸಿದ ಬಗೆ ನಮ್ಮಂತೆ ಲೆಕ್ಕಪತ್ರಗಳ ನಡುವೆ ಬದುಕುವವರಿಗೆ ಮೆಚ್ಚುಗೆಯಾಗುವಂಥದು. ಸಾರ್ವಜನಿಕ ಆರೋಗ್ಯಕ್ಕಾಗಿ ಜನ ಕೊಡುತ್ತಿದ್ದ ಮೆಡಿಕೇರ್ ತೆರಿಗೆಯನ್ನು ಒಂದೇ ಒಂದು ವರ್ಷದ ಮಟ್ಟಿಗೆ ಶೇಕಡಾ 1.5ರಿಂದ 1.7ಕ್ಕೆ ಏರಿಸಲಾಯಿತು. ಎಂದೂ ಬಂದೂಕು ಮುಟ್ಟದವರೂ ತಮ್ಮ ಪಾಲು ಕೊಟ್ಟರು. 6.4 ಲಕ್ಷಕ್ಕೂ ಹೆಚ್ಚು ಬಂದೂಕುಗಳು ಸರಕಾರದ ಕೈಸೇರಿದವು. ಅವನ್ನು ಯಂತ್ರಗಳಲ್ಲಿ ಪುಡಿ ಮಾಡಲಾಯಿತು. ಮಾಲೀಕರಿಗೆ ಸಂದ ಪರಿಹಾರ ಸುಮಾರು 30 ಕೋಟಿ ಆಸ್ಟ್ರೇಲಿಯನ್ ಡಾಲರ್.

ತೆತ್ತ ಬೆಲೆ

ಇದೆಲ್ಲ ಸಲೀಸಾಗಿ ನಡೆಯಿತೆಂದು ತಿಳಿಯಬಾರದು. 1996ರ ಜೂನಿನಲ್ಲಿ ವಿಕ್ಟೋರಿಯಾ ರಾಜ್ಯದ ಸೇಲ್ ಎಂಬ ಊರಿನಲ್ಲಿ ಸಿಟ್ಟಿಗೆದ್ದ ಬಂದೂಕು ಮಾಲೀಕರ ಸಭೆಗೆ ಹಾವರ್ಡ್ ತಾವೇ ಹೋದರು. ಭದ್ರತಾ ಸಿಬ್ಬಂದಿಯ ಸಲಹೆಯಂತೆ ಕೋಟಿನ ಒಳಗೆ ಗುಂಡು ನಿರೋಧಕ ಕವಚ ತೊಟ್ಟಿದ್ದರು. ತಮ್ಮದೇ ಮತದಾರರ ಮುಂದೆ ಕವಚ ತೊಟ್ಟು ನಿಂತುದಕ್ಕೆ ಮುಂದೆ ಅವರು ವಿಷಾದಿಸಿದ್ದುಂಟು. ನ್ಯಾಷನಲ್ ಪಕ್ಷದ ನಾಯಕರೂ ಉಪಪ್ರಧಾನಿಯೂ ಆಗಿದ್ದ ಟಿಮ್ ಫಿಷರ್ ಅವರ ಪಾಡು ಇನ್ನೂ ಕಷ್ಟದ್ದು. ಹಳ್ಳಿ ಹಳ್ಳಿಗಳಲ್ಲಿ ತಮ್ಮವರಿಂದಲೇ ಬೈಗುಳ ತಿನ್ನುತ್ತ ಅವರು ಕಾನೂನನ್ನು ಸಮರ್ಥಿಸಿದರು.

ಮತಪೆಟ್ಟಿಗೆಯೂ ಸುಮ್ಮನಿರಲಿಲ್ಲ. 1998ರ ಕ್ವೀನ್ಸ್‌ಲ್ಯಾಂಡ್ ಚುನಾವಣೆಯಲ್ಲಿ, ಹೊಸದಾಗಿ ಹುಟ್ಟಿದ್ದ ಒನ್ ನೇಷನ್ ಪಕ್ಷ 11 ಸ್ಥಾನಗಳನ್ನು ಗೆದ್ದಿತು. ನ್ಯಾಷನಲ್ ಪಕ್ಷದ ರಾಬ್ ಬೋರ್ಬಿಜ್ ಪ್ರೀಮಿಯರ್ ಪದವಿ ಕಳೆದುಕೊಂಡರು. ಒನ್ ನೇಷನ್ ಬೆಳವಣಿಗೆಗೆ ವಲಸೆಯ ವಿರೋಧವೇ ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೆ ಗ್ರಾಮೀಣರ ಬಂದೂಕಿನ ಸಿಟ್ಟು ಅದಕ್ಕೆ ಗೊಬ್ಬರವಾಯಿತೆಂಬುದನ್ನು ಯಾರೂ ಅಲ್ಲಗಳೆಯರು. 1987ಕ್ಕೂ 1996ಕ್ಕೂ ಇದ್ದ ವ್ಯತ್ಯಾಸ ಇದೇ. ತಮ್ಮ ಎದುರಾಳಿಗಳ ಮತವನ್ನಲ್ಲ, ತಮ್ಮವರ ಮತವನ್ನೇ ಕಳೆದುಕೊಳ್ಳಲು ಸಿದ್ಧರಾದ ನಾಯಕರು ಎರಡನೆಯ ಸಲ ಇದ್ದರು.

ಫಲ ಏನಾಯಿತು? 1996ಕ್ಕೆ ಹಿಂದಿನ 18 ವರ್ಷಗಳಲ್ಲಿ, ಐದು ಅಥವಾ ಹೆಚ್ಚು ಜನ ಸತ್ತ 13 ಸಾಮೂಹಿಕ ಗುಂಡಿನ ದಾಳಿಗಳು ಆ ದೇಶದಲ್ಲಿ ನಡೆದಿದ್ದವು. ಅನಂತರದ ಹತ್ತು ವರ್ಷಗಳಲ್ಲಿ ಒಂದೂ ನಡೆಯಲಿಲ್ಲ. ಬಂದೂಕಿನಿಂದಾಗುವ ಸಾವು 1996ರಲ್ಲಿ ಲಕ್ಷ ಜನಸಂಖ್ಯೆಗೆ ಮೂರರ ಆಸುಪಾಸು ಇದ್ದದ್ದು ಎರಡು ದಶಕಗಳಲ್ಲಿ ಒಂದರ ಆಸುಪಾಸಿಗೆ ಇಳಿಯಿತು. ಅದರಲ್ಲಿ ದೊಡ್ಡ ಪಾಲು ಆತ್ಮಹತ್ಯೆಗಳ ಇಳಿಕೆ. ಈ ಇಳಿಕೆ 1996ಕ್ಕಿಂತ ಮೊದಲೇ ಆರಂಭವಾಗಿತ್ತು, ಎಲ್ಲ ಶ್ರೇಯವನ್ನೂ ಕಾನೂನಿಗೆ ಕೊಡಲಾಗದು ಎಂಬ ವಾದವೂ ವಿದ್ವಾಂಸರಲ್ಲಿದೆ. ಅದನ್ನು ಒಪ್ಪಿಯೂ ನಾವು ಹೇಳಬಹುದಾದ ಮಾತೆಂದರೆ, ಒಬ್ಬನೇ ವ್ಯಕ್ತಿ ಕೆಲವೇ ನಿಮಿಷಗಳಲ್ಲಿ ಹತ್ತಾರು ಅಪರಿಚಿತರನ್ನು ಕೊಲ್ಲುವ ಶಕ್ತಿಯನ್ನು ಆ ಕಾನೂನು ಬಹಳ ಮಟ್ಟಿಗೆ ಕಸಿದುಕೊಂಡಿತು.

ಬೇರೆಯವರ ಹಾದಿ

ಪೋರ್ಟ್ ಆರ್ಥರ್‌ಗೆ ಆರೇಳು ವಾರಗಳ ಮೊದಲು, 1996ರ ಮಾರ್ಚ್ 13ರಂದು, ಸ್ಕಾಟ್ಲೆಂಡಿನ ಡನ್‌ಬ್ಲೇನ್ ಪ್ರಾಥಮಿಕ ಶಾಲೆಯಲ್ಲಿ 16 ಪುಟ್ಟ ಮಕ್ಕಳೂ ಅವರ ಶಿಕ್ಷಕಿಯೂ ಗುಂಡಿಗೆ ಬಲಿಯಾದರು. ಕೊಲೆಗಡುಕನ ಪಿಸ್ತೂಲುಗಳಿಗೆ ಪರವಾನಗಿ ಇತ್ತು. ತಾಯಂದಿರು ಆರಂಭಿಸಿದ ಅರ್ಜಿಗೆ ಏಳು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 1997ರಲ್ಲಿ ಒಂದರ ಹಿಂದೊಂದು ಎರಡು ಕಾನೂನುಗಳು ಬಂದು ಬ್ರಿಟನ್ನಿನಲ್ಲಿ ಖಾಸಗಿ ಪಿಸ್ತೂಲುಗಳಿಗೆ ಬಹುಪಾಲು ತೆರೆ ಬಿತ್ತು. ಒಂದನ್ನು ಕನ್ಸರ್ವೇಟಿವ್ ಸರಕಾರ, ಮತ್ತೊಂದನ್ನು ಅದರ ಬಳಿಕ ಬಂದ ಲೇಬರ್ ಸರಕಾರ ತಂದಿತು.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಜನ ಹತರಾದರು. ನಮ್ಮ ದೇಶದಿಂದ ಹೋಗಿ ನೆಲೆಸಿದ್ದವರೂ ಅವರಲ್ಲಿದ್ದರು. ಕೊಂದವನು ಆಸ್ಟ್ರೇಲಿಯದವನು. ತನ್ನ ದೇಶದಲ್ಲಿ 1996ರಲ್ಲೇ ನಿಷೇಧವಾಗಿದ್ದ ಬಗೆಯ ಆಯುಧಗಳನ್ನು ಅವನು ನ್ಯೂಜಿಲೆಂಡಿನ ಪರವಾನಗಿಯ ಮೇಲೆ ಕೊಂಡಿದ್ದ. ಪ್ರಧಾನಿ ಜಸಿಂಡಾ ಆರ್ಡರ್ನ್ ಆರನೆಯ ದಿನ ನಿಷೇಧ ಘೋಷಿಸಿದರು. ಏಪ್ರಿಲ್ 10ರಂದು ಸಂಸತ್ತು 119 ಮತಗಳಿಂದ ಅದನ್ನು ಅಂಗೀಕರಿಸಿತು. ವಿರುದ್ಧ ಬಿದ್ದದ್ದು ಒಂದೇ ಮತ.

ಅಮೆರಿಕದ ಕಥೆ ಎಲ್ಲರೂ ಬಲ್ಲದ್ದೇ. ಅಲ್ಲಿ ಸಂವಿಧಾನದ ಎರಡನೆಯ ತಿದ್ದುಪಡಿಯೇ ಶಸ್ತ್ರ ಹೊಂದುವ ಹಕ್ಕನ್ನು ಕೊಟ್ಟಿದೆ. ಅದು ವ್ಯಕ್ತಿಗೆ ಸೇರಿದ ಹಕ್ಕು ಎಂದು 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ ಆರು ಮಂದಿ ಹಿರಿಯರೂ ಸತ್ತರು. ಮುಂದಿನ ಏಪ್ರಿಲಿನಲ್ಲಿ, ಕೊಳ್ಳುವವರ ಪೂರ್ವಾಪರ ವಿಚಾರಿಸುವ ಸಾಧಾರಣ ಮಸೂದೆಗೂ ಸೆನೆಟ್‌ನಲ್ಲಿ ದೊರೆತದ್ದು 54 ಮತ. ಬೇಕಾಗಿದ್ದದ್ದು 60. ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು ಹಾಗೂ ಇಬ್ಬರು ಶಿಕ್ಷಕಿಯರು ಸತ್ತ ಮೇಲೆ, 2022ರ ಜೂನಿನಲ್ಲಿ, ಎರಡೂ ಪಕ್ಷಗಳು ಕೂಡಿ ಸಣ್ಣದೊಂದು ಕಾನೂನು ತಂದವು. ಅದಕ್ಕೆ ಸಹಿ ಬೀಳುವ ಎರಡು ದಿನ ಮೊದಲು ಸರ್ವೋಚ್ಚ ನ್ಯಾಯಾಲಯ, ಮನೆಯ ಹೊರಗೂ ಬಂದೂಕು ಹೊತ್ತು ತಿರುಗುವ ಹಕ್ಕನ್ನು ವಿಸ್ತರಿಸಿ ತೀರ್ಪು ನೀಡಿತು.

ಅಮೆರಿಕದ ಒಂದು ಘಟನೆ ಮಾತ್ರ ಮುಂಬಯಿಗರಾದ ನಮಗೆ ಹತ್ತಿರದ್ದು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮಡಿದ 32 ಜನರಲ್ಲಿ ಈ ನಗರದಿಂದ ಓದಲು ಹೋಗಿದ್ದ ಹುಡುಗಿಯೊಬ್ಬಳಿದ್ದಳು. ತಮಿಳುನಾಡು ಮೂಲದ ಪ್ರಾಧ್ಯಾಪಕರೊಬ್ಬರೂ ಇದ್ದರು. ಅಂದು ಕೊಂದ ವಿದ್ಯಾರ್ಥಿ ಮಾನಸಿಕ ಅಸ್ವಸ್ಥತೆಯಿಂದ ಅಪಾಯಕಾರಿ ಎಂದು ನ್ಯಾಯಾಲಯ 2005ರಲ್ಲೇ ಹೇಳಿತ್ತು. ಅಂಥವನಿಗೆ ಬಂದೂಕು ಮಾರಬಾರದೆಂಬ ಕಾನೂನೂ ಇತ್ತು. ಆದರೆ ನ್ಯಾಯಾಲಯದ ಆ ಆದೇಶ, ಅಂಗಡಿಯವನು ನೋಡುವ ರಾಷ್ಟ್ರೀಯ ದಾಖಲೆಗೆ ಸೇರಿಯೇ ಇರಲಿಲ್ಲ. ಅಂಗಡಿಯವನು ವಿಚಾರಿಸಿದ, ಆಕ್ಷೇಪವಿಲ್ಲವೆಂದು ಉತ್ತರ ಬಂತು, ಪಿಸ್ತೂಲು ಮಾರಿದ. ಒಂದು ಕಾಗದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗದಿದ್ದುದರ ಪರಿಣಾಮ ಇದು. ದಾಖಲೆಗಳನ್ನು ಸರಿಯಾಗಿ ಸೇರಿಸುವ ಕಾನೂನು 2008ರ ಜನವರಿಯಲ್ಲಿ ಬಂತು.

ಸಡಿಲವಾದ ಗಂಟು

ಈಗ ಮತ್ತೆ ಆಸ್ಟ್ರೇಲಿಯಕ್ಕೆ ಬರೋಣ. ವರ್ಜೀನಿಯಾದ ಆ ಕಾಗದದ ಕಥೆಯನ್ನು ನಾವು ಎತ್ತಿದ್ದು ಇದಕ್ಕಾಗಿಯೇ. 1996ರ ಒಪ್ಪಂದದಲ್ಲಿ ಎಲ್ಲ ರಾಜ್ಯಗಳ ನೋಂದಣಿ ಪುಸ್ತಕಗಳನ್ನು ಒಂದಕ್ಕೊಂದು ಜೋಡಿಸಬೇಕೆಂದು ಬರೆದಿತ್ತು. ಬಂದೂಕುಗಳನ್ನು ಪುಡಿ ಮಾಡುವ ಕೆಲಸ ಒಂದು ವರ್ಷದಲ್ಲಿ ಮುಗಿಯಿತು. ಪುಸ್ತಕಗಳನ್ನು ಜೋಡಿಸುವ ಕೆಲಸ ಮುಗಿಯಲಿಲ್ಲ. ಅದರಲ್ಲಿ ಛಾಯಾಚಿತ್ರ ತೆಗೆಸುವಂಥದೇನೂ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಕ್ವೀನ್ಸ್‌ಲ್ಯಾಂಡಿನ ವೀಯಂಬಿಲಾ ಎಂಬಲ್ಲಿ ಇಬ್ಬರು ಯುವ ಪೊಲೀಸರೂ ನೆರೆಮನೆಯವರೊಬ್ಬರೂ ಹತರಾದ ಮೇಲೆ ಆ ಮಾತು ಮತ್ತೆ ಎದ್ದಿತು. 2023ರ ಡಿಸೆಂಬರಿನಲ್ಲಿ ಎಲ್ಲ ಸರಕಾರಗಳೂ ಒಪ್ಪಿ, 2028ರ ಹೊತ್ತಿಗೆ ರಾಷ್ಟ್ರೀಯ ನೋಂದಣಿ ಸಿದ್ಧಗೊಳಿಸಲು ತೀರ್ಮಾನಿಸಿದವು. ಅಂದರೆ ಒಪ್ಪಂದವಾಗಿ 32 ವರ್ಷಗಳ ಬಳಿಕ.

ಈ ನಡುವೆ ಬಂದೂಕುಗಳು ಸದ್ದಿಲ್ಲದೆ ಮರಳಿ ಬಂದವು. ಇಂದು ಆಸ್ಟ್ರೇಲಿಯದಲ್ಲಿ ನೋಂದಾಯಿತ ಬಂದೂಕುಗಳ ಸಂಖ್ಯೆ 40 ಲಕ್ಷವನ್ನು ದಾಟಿದೆ. ಇದು 1996ರಲ್ಲಿ ಇದ್ದುದಕ್ಕಿಂತ ಹೆಚ್ಚು. ಜನಸಂಖ್ಯೆಯೂ ಬೆಳೆದಿದೆ, ಇವು ನಿಷೇಧಿತ ಬಗೆಯವೂ ಅಲ್ಲ, ನಿಜ. ಆದರೆ ಒಬ್ಬನು ಎಷ್ಟು ಬಂದೂಕು ಇಟ್ಟುಕೊಳ್ಳಬಹುದೆಂಬುದಕ್ಕೆ ಹೆಚ್ಚಿನ ಕಡೆ ಮಿತಿಯೇ ಇರಲಿಲ್ಲ. 2018ರ ಮೇ ತಿಂಗಳಿನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಆಸ್ಮಿಂಗ್ಟನ್‌ನಲ್ಲಿ ಒಂದೇ ಮನೆಯ ಏಳು ಜನ ಗುಂಡಿಗೆ ಸತ್ತರು. ಅದು ಮನೆಯೊಳಗಿನ ದುರಂತವೆಂದು ದೇಶ ಕಣ್ಣೊರೆಸಿಕೊಂಡು ಮುಂದೆ ಸಾಗಿತು.

ಬಾಂಡೈ ದಾಳಿಯ ತಂದೆಯ ಬಳಿ ಪರವಾನಗಿ ಇತ್ತು. ಅವನ ಹೆಸರಿನಲ್ಲಿ ಆರು ಬಂದೂಕುಗಳು ನೋಂದಣಿಯಾಗಿದ್ದವು. ಅವನು ದಶಕಗಳ ಹಿಂದೆ ಹೈದರಾಬಾದಿನಿಂದ ವಲಸೆ ಹೋದವನೆಂದು ತೆಲಂಗಾಣ ಪೊಲೀಸರು ತಿಳಿಸಿದಾಗ ನಮಗೆಲ್ಲ ಮುಜುಗರವೂ ನೋವೂ ಆದದ್ದು ಸಹಜ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಮಗನನ್ನು ಅಲ್ಲಿನ ಗುಪ್ತಚರ ಸಂಸ್ಥೆ 2019ರಲ್ಲೇ ಒಮ್ಮೆ ವಿಚಾರಣೆಗೆ ಒಳಪಡಿಸಿತ್ತು. ಒಂದು ಇಲಾಖೆಯ ಕಡತದಲ್ಲಿ ಮಗನ ಹೆಸರು, ಇನ್ನೊಂದು ಇಲಾಖೆಯ ಕಡತದಲ್ಲಿ ಅದೇ ಮನೆಯ ತಂದೆಯ ಪರವಾನಗಿ. ಎರಡು ಕಡತಗಳೂ ಒಂದೇ ಮೇಜಿನ ಮೇಲೆ ಬಂದಿದ್ದರೆ ದಾಳಿ ತಪ್ಪುತ್ತಿತ್ತೆಂದು ಖಂಡಿತವಾಗಿ ಹೇಳಲು ಯಾರಿಂದಲೂ ಆಗದು. ಆದರೆ ಆರು ಬಂದೂಕುಗಳ ಬಗ್ಗೆ ಯಾರಾದರೊಬ್ಬರು ಪ್ರಶ್ನೆ ಕೇಳುವ ಅವಕಾಶವಾದರೂ ಇರುತ್ತಿತ್ತು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಹೊಸ ಪಾಠವಲ್ಲ. ಸಾಲ ಮಂಜೂರಾಗುವ ದಿನ ಎಲ್ಲ ಕಾಗದಗಳೂ ಅಚ್ಚುಕಟ್ಟಾಗಿರುತ್ತವೆ, ಮೇಲಧಿಕಾರಿಯ ಸಹಿಯೂ ಇರುತ್ತದೆ. ಸಾಲ ಕೆಡುವುದು ಆ ದಿನವಲ್ಲ. ವರ್ಷಕ್ಕೊಮ್ಮೆ ಹೋಗಿ ಗೋದಾಮು ನೋಡಬೇಕಾದವರು ನೋಡದೆ ಹೋದಾಗ, ನವೀಕರಣವೆಂದರೆ ಹಳೆಯ ಹಾಳೆಗೆ ಹೊಸ ತಾರೀಖು ಹಾಕುವುದೆಂದು ಆದಾಗ ಕೆಡುತ್ತದೆ. ಬಂದೂಕಿನ ಪರವಾನಗಿಯೂ ಅಷ್ಟೇ. ಕಾರಣ ಹೇಳಿ ಪಡೆದವನಿಗೆ ಆ ಕಾರಣ ಇಂದಿಗೂ ಇದೆಯೇ ಎಂದು ಕೇಳುವವರಿಲ್ಲದಿದ್ದರೆ, ಅತ್ಯುತ್ತಮ ಕಾನೂನೂ ಹಳೆಯ ಹಾಳೆಯಾಗುತ್ತದೆ.

ಬಾಂಡೈ ಬಳಿಕ ಮತ್ತೆ ಅವಸರದ ದಿನಗಳು ಬಂದವು. ಡಿಸೆಂಬರ್ 24ರೊಳಗೆ ನ್ಯೂ ಸೌತ್ ವೇಲ್ಸ್ ಶಾಸನಸಭೆ ವಿಶೇಷವಾಗಿ ಸೇರಿ, ಒಬ್ಬರಿಗೆ ನಾಲ್ಕೇ ಬಂದೂಕು, ರೈತರೇ ಮೊದಲಾದ ಕೆಲವರಿಗೆ ಹತ್ತು ಎಂಬ ಮಿತಿಯನ್ನು ಕಾನೂನಾಗಿಸಿತು. ಪ್ರಧಾನಿ ಆಂಟನಿ ಆಲ್ಬನೀಸ್ 1996ರ ಬಳಿಕದ ಅತಿ ದೊಡ್ಡ ಮರುಖರೀದಿ ಯೋಜನೆಯನ್ನು ಘೋಷಿಸಿದರು. 2026ರ ಜನವರಿಯಲ್ಲಿ ಸಂಸತ್ತು ಅದಕ್ಕೆ ಒಪ್ಪಿಗೆ ನೀಡಿತು. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. 1996ರಲ್ಲಿ ಮುಂದೆ ನಿಂತು ಕಾನೂನು ತಂದ ಸಂಪ್ರದಾಯವಾದಿ ಕೂಟವೇ ಇಂದು ವಿರೋಧ ಪಕ್ಷದಲ್ಲಿ ಕುಳಿತು ಅದರ ವಿರುದ್ಧ ಮತ ಹಾಕಿತು. ಮರುಖರೀದಿಯ ವೆಚ್ಚದಲ್ಲಿ ತಮ್ಮ ಪಾಲು ಕೊಡಲು ಕೆಲವು ರಾಜ್ಯಗಳಿಂದ ಆಕ್ಷೇಪ ಬಂತು. ದಾಳಿಯ ಮೂಲ ಇರುವುದು ಯಹೂದಿದ್ವೇಷ ಹಾಗೂ ಉಗ್ರವಾದದಲ್ಲಿ, ಬಂದೂಕಿನಲ್ಲಲ್ಲ ಎಂಬುದು ಅವರ ವಾದ. ದ್ವೇಷವೇ ಮೂಲವೆಂಬ ಮಾತು ಸತ್ಯ. ಆದರೆ ದ್ವೇಷದ ಕೈಗೆ ಚಾಕು ಸಿಗುವುದಕ್ಕೂ ಆರು ಬಂದೂಕು ಸಿಗುವುದಕ್ಕೂ ಇರುವ ಅಂತರ ಬಾಂಡೈ ಮರಳಿನ ಮೇಲೆ ಕಂಡಿದೆ.

ನಮ್ಮ ಮನೆಯ ಮಾತು

ಕೊನೆಗೆ ನಮ್ಮ ದೇಶದ ಕಡೆಗೂ ಒಂದು ನೋಟ ಹರಿಸಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ನಮ್ಮಲ್ಲೂ ಬಂದೂಕು ಹಕ್ಕಲ್ಲ, ಅನುಮತಿ. ಆತ್ಮರಕ್ಷಣೆಯನ್ನು ನಾವು ಕಾರಣವೆಂದು ಒಪ್ಪುತ್ತೇವೆ, ಆಸ್ಟ್ರೇಲಿಯ ಒಪ್ಪುವುದಿಲ್ಲ. ಬೆಳೆ ಕಾಯಲು ಕೋವಿ ಬೇಕೆಂಬ ರೈತನ ಮಾತಿಗೂ ನಮ್ಮ ಕಾಯಿದೆಯಲ್ಲಿ ಸ್ಥಾನವಿದೆ. ಮಲೆನಾಡಿನಲ್ಲಿ ಗದ್ದೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜೀವಕ್ಕೆ ಅಪಾಯ ತರುವುದನ್ನು ಪ್ರತ್ಯೇಕ ಅಪರಾಧವಾಗಿಸಿತು. ಚುನಾವಣೆ ಬಂದಾಗ ಪರವಾನಗಿಯ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಪದ್ಧತಿಯೂ ನಮಗೆ ಹೊಸದಲ್ಲ. ನಮ್ಮ ಕೊರತೆ ಕಾನೂನಿನಲ್ಲಿರುವುದಕ್ಕಿಂತ ಹೆಚ್ಚಾಗಿ, ಕಾನೂನಿನ ಕಣ್ಣಿಗೆ ಬೀಳದ ಕಳ್ಳ ಪಿಸ್ತೂಲುಗಳಲ್ಲಿದೆ.

ಕನ್ನಡ ನಾಡಿಗೆ ಇಲ್ಲೊಂದು ವಿಶೇಷವೂ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ನಡೆದು ಬಂದಿದೆ. ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿ ಹಿಡಿದಿದೆ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ಆ ನಾಡಿನಲ್ಲಿ ಬಂದೂಕು ಒಬ್ಬನ ಗುಟ್ಟಿನ ವಸ್ತುವಲ್ಲ. ಅದು ಒಕ್ಕದ ಸ್ವತ್ತು, ಹಿರಿಯರು ಬಲ್ಲದ್ದು, ಊರು ಬಲ್ಲದ್ದು. ಮನೆಯವರೂ ಊರವರೂ ಕಣ್ಣಿಟ್ಟಿರುವುದು ಒಂದು ಬಗೆಯ ನೋಂದಣಿಯೇ. ಆದರೆ ಲಕ್ಷಾಂತರ ಅಪರಿಚಿತರು ಕೂಡಿ ಬಾಳುವ ಸಿಡ್ನಿ, ಮುಂಬಯಿಗಳಂತಹ ನಗರಗಳಲ್ಲಿ ಆ ಕಣ್ಣು ಇರುವುದಿಲ್ಲ. ಅಲ್ಲಿ ಅದರ ಕೆಲಸವನ್ನು ಸರಕಾರದ ಪುಸ್ತಕವೇ ಮಾಡಬೇಕಾಗುತ್ತದೆ.

ಆಸ್ಟ್ರೇಲಿಯದ ಕಾನೂನು ಸೋತಿತೆ ಎಂಬ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಸೋಲಲಿಲ್ಲ. ಪೋರ್ಟ್ ಆರ್ಥರ್ ಹಂತಕನ ಕೈಯಲ್ಲಿದ್ದಂತಹ ರೈಫಲುಗಳನ್ನು 1996ರಲ್ಲಿ ದೇಶ ಹಿಂದಕ್ಕೆ ಪಡೆಯದಿದ್ದರೆ ಬಾಂಡೈಯಲ್ಲಿ ಸತ್ತವರು ಹದಿನೈದಕ್ಕೆ ನಿಲ್ಲುತ್ತಿರಲಿಲ್ಲ ಎಂದೇ ನಾವು ನಂಬುತ್ತೇವೆ. ಆದರೆ ಹನ್ನೆರಡು ದಿನಗಳಲ್ಲಿ ಕಾನೂನು ಬರೆದವರು, ಮೂವತ್ತು ವರ್ಷ ಅದನ್ನು ಕಾಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟರು. ದುಃಖವಿದ್ದಾಗ ಇದ್ದ ಶ್ರದ್ಧೆ ದುಃಖ ಆರಿದ ಮೇಲೆ ಉಳಿಯಲಿಲ್ಲ.

2026ರ ಹೊಸ ಕಾನೂನಿಗೂ ಇದೇ ಪರೀಕ್ಷೆ ಕಾದಿದೆ. ಬಾಂಡೈ ತೀರದಲ್ಲಿ ಇಟ್ಟ ಹೂಗಳು ಒಣಗಿ ಬಹಳ ಕಾಲವಾದ ಮೇಲೆ, 2028ರಲ್ಲಿ ಆ ರಾಷ್ಟ್ರೀಯ ನೋಂದಣಿ ನಿಜವಾಗಿ ಪೂರ್ಣಗೊಂಡಿದೆಯೇ ಎಂಬುದನ್ನು ನಾವು ಗಮನಿಸಬೇಕು. ಅಂದು ಪತ್ರಿಕೆಗಳ ಮುಖಪುಟದಲ್ಲಿ ಆ ಸುದ್ದಿ ಇರಲಾರದು. ಆದರೂ ಸಿಡ್ನಿಯಲ್ಲಿರುವ ನಮ್ಮ ಮಕ್ಕಳು ಮೊಮ್ಮಕ್ಕಳು ಭಾನುವಾರದ ಸಂಜೆ ಕಡಲ ತೀರಕ್ಕೆ ನಿರ್ಭಯವಾಗಿ ಹೋಗಿ ಬರುವುದು ಆ ಪುಸ್ತಕದ ಮೇಲೂ ನಿಂತಿದೆ.